ಚೌಕಾಸಿ ಮಾಡಿ ಕೊಂಡ ಸೀಟು

ಕಾಲೇಜಿನ ಗೋಡೆಗೆ ಹೊಸ ಬಣ್ಣ ಬಿದ್ದಿದೆ ಎಂದರೆ ಅಡ್ಮಿಷನ್ ಶುರುವಾಗಿದೆ ಎಂದೇ ತಿಳಿಯಬೇಕು. ಹಳೆಯ ಮಾಲಿಗೆ ಇಸ್ತ್ರಿ ಹಾಕಿ ಮುಂದಿನ ಸಾಲಿಗೆ ಇಡುವುದು ನಮ್ಮ ಬಟ್ಟೆ ವ್ಯಾಪಾರದಲ್ಲೂ ಇದೆ, ಅದರಲ್ಲಿ ತಪ್ಪೇನಿಲ್ಲ. ಮೊನ್ನೆ ಬೆನ್ಸನ್ ಟೌನಿನ ಟೈಲರಮ್ಮ ಒಬ್ಬರಿಗೆ ಲೈನಿಂಗ್ ಬಟ್ಟೆಯ ಗಂಟು ತಲುಪಿಸಿ ಹಿಂದಿರುಗುವಾಗ ಮಳೆ ಆಗತಾನೇ ನಿಂತಿತ್ತು. ಹಸಿ ಗಾಳಿಯಲ್ಲಿ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ನೋಡಿದರೆ ನನ್ನ ತಂಗಿಯ ಮಗಳು ಸೇರಿದ್ದ ಅದೇ ಕಾಲೇಜು. ಗೇಟಿನ ಮುಂದೆ ತಾಯಂದಿರು ಪ್ಲಾಸ್ಟಿಕ್ ಫೈಲುಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಅವರಲ್ಲೊಬ್ಬಳು ಪಕ್ಕದಲ್ಲಿದ್ದ ಮಗಳಿಗೆ, "ನೀನ್ ಸುಮ್ನಿರೇ, ನಾನ್ ಮಾತಾಡ್ತೀನಿ" ಎನ್ನುತ್ತಿದ್ದಳು.

ನಾನು ಸ್ಕೂಟರ್ ನಿಲ್ಲಿಸಿದೆ. ಆ ಹೆಂಗಸಿನ ಹತ್ತಿರ ಹೋಗಿ, "ಮಗೂನೂ ಒಂದು ಮಾತು ಆಡ್ಲಿ ಬಿಡಿ" ಎಂದೆ. ಗುರುತು ಪರಿಚಯವಿಲ್ಲದವಳು ನಡುರಸ್ತೆಯಲ್ಲಿ ಬುದ್ಧಿ ಹೇಳಿದರೆ ಯಾರಿಗೆ ತಾನೇ ಹಿಡಿಸುತ್ತದೆ? ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಮುಖ ತಿರುಗಿಸಿದಳು. ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾಲ್ಕು ವರ್ಷದ ಹಿಂದಿನ ಮಳೆಗಾಲ. ನನ್ನ ತಂಗಿ ರತ್ನಳ ಮಗಳು ಸುಜಾತ ಪಿಯುಸಿ ಮುಗಿಸಿದ್ದಳು. ಅವರ ಮನೆ ಹಲಸೂರಿನಲ್ಲಿ, ನನ್ನ ಮನೆಯಿಂದ ಎರಡು ಬೀದಿ ಆಚೆ. ರತ್ನಳ ಗಂಡ ಮುನಿರಾಜು ಗೂಡ್ಸ್ ಆಟೋ ಓಡಿಸುತ್ತಾನೆ. ಅವನ ತಂದೆಯ ಕಾಲದಿಂದ ಬೌದ್ಧರಾದ ಮನೆ. ಹುಣ್ಣಿಮೆಗೆ ವಿಹಾರಕ್ಕೆ ಹೋಗುವುದನ್ನು ತಪ್ಪಿಸುವವನಲ್ಲ, ಕೊಟ್ಟ ಮಾತನ್ನೂ ತಪ್ಪಿಸುವವನಲ್ಲ. ಈ ಎರಡನೆಯ ಗುಣ ಎಷ್ಟು ಕಷ್ಟದ್ದು ಎಂದು ಆ ವರ್ಷ ನಮಗೆಲ್ಲ ಗೊತ್ತಾಯಿತು.

ಫಲಿತಾಂಶ ಬಂದ ದಿನ ಸಾಯಂಕಾಲ ಅವರ ಮನೆಯಲ್ಲಿ ಕೂತಿದ್ದೆವು. ಗಣಿತದಲ್ಲಿ ಹುಡುಗಿಗೆ ನಮ್ಮ ವಂಶದಲ್ಲಿ ಯಾರೂ ಕಾಣದ ಅಂಕ ಬಂದಿತ್ತು. ಬಿ.ಎಸ್ಸಿ. ಗಣಿತ ಓದುತ್ತೇನೆ ಎಂದಳು.

ಮುನಿರಾಜು ಚಹಾದ ಲೋಟ ಕೆಳಗಿಟ್ಟ. "ಕಮ್ಮನಹಳ್ಳಿ ಮೇನ್ ರೋಡಲ್ಲಿ ನಾನು ಟೀವಿ, ಫ್ರಿಜ್ಜು ಸಾಗಿಸೋ ಷೋರೂಮಿದೆಯಲ್ಲ, ಅಲ್ಲಿ ಹುಡುಗೀರ್ನ ತಗೋತಿದಾರೆ. ಕೆಲ್ಸಾನೂ ಆಯ್ತು, ಮನೇಲೇ ಕೂತು ಕರೆಸ್ಪಾಂಡೆನ್ಸಲ್ಲಿ ಡಿಗ್ರೀನೂ ಆಯ್ತು."

"ಮ್ಯಾಥ್ಸು ಕ್ಲಾಸಿಗೆ ಹೋಗೇ ಕಲೀಬೇಕಪ್ಪ," ಎಂದಳು ಸುಜಾತ.

"ಯಾಕೆ, ಷೋರೂಮಲ್ಲಿ ಮ್ಯಾಥ್ಸ್ ಇಲ್ವಾ? ದಿನವೆಲ್ಲ ಇಎಂಐ ಲೆಕ್ಕ ಹಾಕು."

ರತ್ನ ನಕ್ಕುಬಿಟ್ಟಳು. ಮಗಳು ನಗಲಿಲ್ಲ. ಆಗ ನಾನು ಬಾಯಿ ಹಾಕಿದೆ. "ಮುನಿರಾಜು, ಲೆಕ್ಕ ನಾನು ಹೇಳ್ತೀನಿ ಕೇಳು. ಕಾಲೇಜಿಗೆ ಪೂರ್ತಿ ದಿನ ಹೋಗೋ ಮಕ್ಕಳಿಗೆ ಸರ್ಕಾರ ಸ್ಕಾಲರ್‌ಶಿಪ್ ಕೊಡುತ್ತೆ, ಬಸ್ ಪಾಸ್ ಕೊಡುತ್ತೆ. ನಿಮ್ಮಂಥ ಮನೆ ಮಕ್ಕಳಿಗೆ ಫೀಸೂ ವಾಪಸ್ ಬರುತ್ತೆ. ಮನೇಲಿ ಕೂತು ಓದೋರ ಹತ್ರ ಇದೆಲ್ಲ ಸುಳಿಯೋದೂ ಇಲ್ಲ. ಕೊಡೋರು ಇರ್ವಾಗ ಬೇಡ ಅನ್ನೋದು ಯಾವ ವ್ಯಾಪಾರ?"

ಅವನು ಲೋಟವನ್ನು ಮತ್ತೆ ಕೈಗೆತ್ತಿಕೊಂಡ. "ಸರಿ. ಸ್ಕಾಲರ್‌ಶಿಪ್ ಸಿಗೋ ಹಂಗಿದ್ರೆ ಓದ್ಲಿ, ನಾನು ಅಡ್ಡ ಬರಲ್ಲ. ಇಲ್ಲ ಅಂದ್ರೆ ಗಣೇಶನ ಹಬ್ಬದ ಸೇಲಿಗೆ ಷೋರೂಮ್ ಸೇರ್ಬೇಕು. ಆಮೇಲೆ ಅಳಬಾರದು."

"ಆಗ್ಲಿ," ಎಂದಳು ಹುಡುಗಿ. "ಆಗ್ಲಿ," ಎಂದೆ ನಾನೂ, ಅವಳಿಗಿಂತ ಜೋರಾಗಿ.

ನನ್ನ ವಿಷಯವಾಗಿ ಎರಡು ಮಾತು ಹೇಳಬೇಕು. ಕೆ.ಆರ್. ಪುರದ ಸಂತೆಯಲ್ಲಿ ಟಾರ್ಪಾಲು ಹಾಸಿ ಕಟ್‌ಪೀಸ್ ಮಾರುತ್ತಾ ವ್ಯಾಪಾರ ಕಲಿತವಳು ನಾನು. ಈಗ ಶಿವಾಜಿನಗರದಲ್ಲಿ ಲೈನಿಂಗು, ಲೇಸು, ಗುಂಡಿಗಳ ಸ್ವಂತ ಅಂಗಡಿಯಿದೆ. ನಡುವಿನ ದಾರಿಯನ್ನೆಲ್ಲ ಚೌಕಾಸಿಯಿಂದಲೇ ನಡೆದು ಬಂದಿದ್ದೇನೆ. ಸಂತೆಯಲ್ಲಿ ಒಂದು ಕಟ್ಟಳೆ ಇದೆ: ವ್ಯಾಪಾರ ಒಬ್ಬರು ಮಾಡಬೇಕು, ಜೊತೆಗೆ ಬಂದವರು ಬಾಯಿ ಬಿಡಬಾರದು. ಗಂಡ ಬೆಲೆ ಇಳಿಸುತ್ತಿರುವಾಗ ಹೆಂಡತಿ "ಬಣ್ಣ ಚೆನ್ನಾಗಿದೆ ಅಲ್ವೇನ್ರೀ" ಎಂದರೆ ಮುಗಿಯಿತು, ಇಳಿದ ಬೆಲೆ ಮತ್ತೆ ಏರುತ್ತದೆ. ಅಂಥ ಹೆಂಡತಿಯರಿಂದ ನಾನು ಎಷ್ಟೋ ಲಾಭ ಮಾಡಿಕೊಂಡಿದ್ದೇನೆ. ಹಾಗಾಗಿ ನಮ್ಮ ಮನೆಯ ಮಕ್ಕಳಿಗೆಲ್ಲ ಚಿಕ್ಕಂದಿನಿಂದ ಈ ಪಾಠ ಆಗಿತ್ತು. ದೊಡ್ಡಮ್ಮ ಮಾತಾಡುವಾಗ ಗೋಡೆ ನೋಡುತ್ತಾ ನಿಲ್ಲಬೇಕು.

ಕಾಲೇಜಿಗೆ ಸುಜಾತಳನ್ನು ಕರೆದುಕೊಂಡು ಹೋದದ್ದು ನಾನೇ. ರತ್ನ ಮನೆಗೆಲಸ ಬಿಟ್ಟು ಬರುವಂತಿರಲಿಲ್ಲ, ಮುನಿರಾಜುಗೆ ಬಾಡಿಗೆ ಇತ್ತು. ಆಫೀಸಿನಲ್ಲಿ ಸ್ಯಾಮ್ಯುಯೆಲ್ ಎಂಬ ಸೂಪರಿಂಟೆಂಡೆಂಟ್ ಇದ್ದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡುವ, ತಮಿಳಿನ ರಾಗದಲ್ಲಿ ಕನ್ನಡ ಆಡುವ ಮನುಷ್ಯ.

"ಬಿ.ಎಸ್ಸಿ. ಮೊದಲನೇ ಲಿಸ್ಟ್ ಮುಗೀತಮ್ಮ. ಎರಡನೇ ಲಿಸ್ಟ್ ಮುಂದಿನ ವಾರ ಹಾಕ್ತೀವಿ. ಈಗ್ಲೇ ಬೇಕಂದ್ರೆ ಮ್ಯಾನೇಜ್‌ಮೆಂಟ್ ಸೀಟಿದೆ."

"ದೊಡ್ಡಮ್ಮ, ನಮ್ ಪಿಯುಸಿ ಮೇಡಮ್ಮು ಎರಡನೇ ಲಿಸ್ಟ್..." ಎಂದು ಸುಜಾತ ಶುರು ಮಾಡಿದಳು. ನಾನು ಮೇಜಿನ ಕೆಳಗೆ ಅವಳ ಕಾಲನ್ನು ಮೆಲ್ಲಗೆ ತುಳಿದೆ. ಅವಳು ಗೋಡೆ ನೋಡತೊಡಗಿದಳು.

"ಎಷ್ಟು ಸಾರ್?" ಎಂದೆ.

ಅವರು ಹೇಳಿದರು. ನಾನು ನಕ್ಕೆ. ಚೌಕಾಸಿಯಲ್ಲಿ ಮೊದಲ ನಗು ಬಹಳ ಮುಖ್ಯ, ಅದು ಎದುರಿನವರಿಗೆ ಅವಮಾನವಾಗುವಷ್ಟು ದೊಡ್ಡದಾಗಿರಬಾರದು, ಅನುಮಾನ ಹುಟ್ಟಿಸುವಷ್ಟು ಇದ್ದರೆ ಸಾಕು. ಆಮೇಲೆ ಅಂಕಪಟ್ಟಿ ತೋರಿಸಿದೆ. ಇಂಥ ಹುಡುಗಿ ನಿಮ್ಮಲ್ಲಿ ಓದಿದರೆ ಹೆಸರು ನಿಮಗೇ ಎಂದೆ. ಎದ್ದು ಬಾಗಿಲವರೆಗೂ ಹೋಗಿ ಬಂದೆ.

"ಏನಮ್ಮಾ, ಇದೇನ್ ರಸೆಲ್ ಮಾರ್ಕೆಟ್ ಅನ್ಕೊಂಡ್ರಾ?"

"ಮಾರ್ಕೆಟ್ ಆಗಿದ್ರೆ ಇಷ್ಟೊತ್ತಿಗೆ ಪಕ್ಕದಂಗಡಿಗೆ ಹೋಗಿರ್ತಿದ್ದೆ ಸಾರ್. ಕಾಲೇಜು ಅಂತ ಗೌರವಕ್ಕೆ ಕೂತಿದೀನಿ."

ಅವರು ಒಳಗೆ ಹೋಗಿ ಯಾರನ್ನೋ ಕೇಳಿ ಬಂದರು. ಕಾಲು ಭಾಗ ಇಳಿಯಿತು. ಉಳಿದದ್ದನ್ನು ಕಂತು ಮಾಡಿಸಿದೆ. ಮೊದಲ ಕಂತಿಗೆ ಮುನಿರಾಜು ಕೊಟ್ಟಿದ್ದ ಹಣ ಸರಿಹೋಯಿತು. ಪೋಷಕರ ಜಾಗದಲ್ಲಿ ನಾನೇ ಸಹಿ ಹಾಕಿದೆ. ಹೊರಗೆ ಬಂದಾಗ ಜೋರು ಮಳೆ. ನನಗೆ ಆ ಮಳೆಯೂ ನಾನೇ ಚೌಕಾಸಿ ಮಾಡಿ ತರಿಸಿದ್ದು ಎನ್ನುವಷ್ಟು ಸಂತೋಷ.

"ಏನೇ ಅದು, ಆಗ ಏನೋ ಅಂತಿದ್ದೆ?"

"ಎರಡನೇ ಲಿಸ್ಟಲ್ಲಿ ನಿಂಗೆ ಎಯ್ಡೆಡ್ ಸೀಟ್, ಅಂದ್ರೆ ಸರ್ಕಾರದ ಅನುದಾನದ ಸೀಟ್ ಸಿಗಬಹುದು, ಅದನ್ನೇ ತಗೋ ಅಂದಿದ್ರು ಮೇಡಮ್ಮು. ಯಾಕೆ ಅಂತ ನಾನು ಕೇಳಿರ್ಲಿಲ್ಲ."

"ಸಿಗಬಹುದು ಅನ್ನೋದಕ್ಕೂ ಸಿಕ್ತು ಅನ್ನೋದಕ್ಕೂ ವ್ಯತ್ಯಾಸ ಇದೆ ಕಣೆ," ಎಂದೆ. ವ್ಯತ್ಯಾಸ ಇತ್ತು, ಆದರೆ ನಾನು ತಿಳಿದಂಥದ್ದಲ್ಲ.

ಆ ಜುಲೈ ಪೂರ್ತಿ ಮೋಡ ಬಿಡಲಿಲ್ಲ. ಅಂಗಡಿಗೆ ಬರುವ ಟೈಲರುಗಳಿಗೆಲ್ಲ ನಾನು ಸೀಟಿನ ಬೆಲೆ ಇಳಿಸಿದ ಕತೆ ಹೇಳಿದೆ. ಸುಜಾತ ಬೆಳಿಗ್ಗೆ ಕೊಡೆ ಹಿಡಿದು ಕ್ಲಾಸಿಗೆ ಹೋಗುತ್ತಿದ್ದಳು. ಹಿಂದಿರುಗುವಾಗ ಒಮ್ಮೊಮ್ಮೆ ನನ್ನ ಅಂಗಡಿಗೆ ಬಂದು, ಬೋರ್ಡಿನ ಮೇಲೆ ಬರೆದ ಒಂದು ಲೆಕ್ಕವನ್ನು ಇಡೀ ಕ್ಲಾಸಿನಲ್ಲಿ ತಾನೊಬ್ಬಳೇ ಬೇರೆ ದಾರಿಯಲ್ಲಿ ಬಿಡಿಸಿದೆನೆಂದು ಹೇಳುತ್ತಿದ್ದಳು. ಲೆಕ್ಕ ನನಗೆ ಅರ್ಥವಾಗುತ್ತಿರಲಿಲ್ಲ, ಅವಳ ಮುಖ ಅರ್ಥವಾಗುತ್ತಿತ್ತು. ಷೋರೂಮಿನಲ್ಲಿ ಆ ಮುಖ ಇರುವುದಿಲ್ಲ ಎಂಬುದೂ ಅರ್ಥವಾಗುತ್ತಿತ್ತು.

ಪಕ್ಕದ ಗುಂಡಿ ಅಂಗಡಿಯ ನಸೀಮಾ ನನ್ನ ಹಳೆಯ ಗೆಳತಿ, ಹಳೆಯ ಪ್ರತಿಸ್ಪರ್ಧಿ ಕೂಡ. ಅವಳ ಮಗಳು ಅಷ್ಟರಲ್ಲಾಗಲೇ ಸ್ಕಾಲರ್‌ಶಿಪ್‌ನಲ್ಲಿ ಬಿ.ಕಾಂ. ಮುಗಿಸಿದ್ದಳು. ಮಳೆಗೆ ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ನಾನು ಮತ್ತೆ ಅದೇ ಕತೆ ತೆಗೆದೆ.

"ಎಷ್ಟಕ್ಕೆ ಇಳಿಸ್ದೆ ಅನ್ನೋದು ಹತ್ತು ಸಲ ಕೇಳಾಯ್ತು ಜಯಕ್ಕ," ಎಂದಳು. "ಯಾವ ಸೀಟು ಅದು ಹೇಳು."

"ಮ್ಯಾನೇಜ್‌ಮೆಂಟ್."

ಅವಳು ಪೋಣಿಸುತ್ತಿದ್ದ ಗುಂಡಿಗಳನ್ನು ಕೆಳಗಿಟ್ಟಳು. "ಅರೆ, ಅದಕ್ಕೆ ಸ್ಕಾಲರ್‌ಶಿಪ್ ಎಲ್ಲಿ ಬರ್ತದೆ? ನನ್ ಮಗಳ ಟೈಮಲ್ಲೇ ಹೇಳಿದ್ರು, ಎಯ್ಡೆಡ್ ಸೀಟ್ ಇದ್ರೆ ಫೀಸ್ ವಾಪಸ್, ಮ್ಯಾನೇಜ್‌ಮೆಂಟ್ ಇದ್ರೆ ಖುದಾ ಹಾಫಿಜ್. ಸೀರೆ ಬಿಟ್ಟಿ ಕೊಡೋ ಅಂಗಡೀಲಿ ನೂರರ ಸೀರೇನ ಎಪ್ಪತ್ತೈದಕ್ಕೆ ಇಳಿಸ್ದೆ ಅಂತ ಕುಣೀತಿದೀಯಲ್ಲೇ."

ಅಂಗಡಿಯನ್ನು ಅವಳಿಗೇ ನೋಡಿಕೊಳ್ಳಲು ಹೇಳಿ ಕಾಲೇಜಿಗೆ ಓಡಿದೆ.

ಸ್ಯಾಮ್ಯುಯೆಲ್ ಸಾರ್ ಶಾಂತವಾಗಿಯೇ ಹೇಳಿದರು. "ಹೌದಮ್ಮ, ಮ್ಯಾನೇಜ್‌ಮೆಂಟ್ ಸೀಟಿಗೆ ಬರಲ್ಲ."

"ಆವತ್ತೇ ಹೇಳ್ಬಾರ್ದಿತ್ತಾ ಸಾರ್?"

"ಯಾವಾಗ ಹೇಳ್ಲಿ? ನಾನ್ ಬಾಯಿ ತೆಗೆದಾಗೆಲ್ಲ ನೀವು ಇನ್ನೊಂಚೂರು ಇಳ್ಸಿ ಅಂತಿದ್ರಿ. ನಿಮ್ ಹತ್ರ ಬೇರೆ ದುಡ್ಡಿದೆ, ಸ್ಕಾಲರ್‌ಶಿಪ್ ಬೇಕಿಲ್ಲ ಅನ್ಕೊಂಡೆ."

ನೋಟಿಸ್ ಬೋರ್ಡಿನಲ್ಲಿ ಎರಡನೇ ಪಟ್ಟಿ ಇನ್ನೂ ಅಂಟಿಕೊಂಡಿತ್ತು. ಸುಜಾತಳಿಗಿಂತ ಕಡಿಮೆ ಅಂಕದವರಿಗೆ ಅದರಲ್ಲಿ ಎಯ್ಡೆಡ್ ಸೀಟು ಸಿಕ್ಕಿತ್ತು. ಇದನ್ನು ಓದುತ್ತಿರುವ ತಂದೆತಾಯಿಯರೇ, ಅಂದು ಆ ಬೋರ್ಡಿನ ಮುಂದೆ ನಿಂತು ಕಲಿತದ್ದನ್ನು ಬಿಟ್ಟಿಯಾಗಿ ಕೊಡುತ್ತೇನೆ: ಎಷ್ಟು ಎಂದು ಕೇಳುವ ಮೊದಲು ಯಾವುದು ಎಂದು ಕೇಳಿ. ಬಟ್ಟೆ ಯಾವುದೆಂದು ಬೆರಳಿನಿಂದ ಮುಟ್ಟಿ ನೋಡದೆ ನಾನು ಒಂದು ದಿನವೂ ಬೆಲೆ ಕೇಳಿದವಳಲ್ಲ. ಸೀಟಿನ ವಿಷಯದಲ್ಲಿ ಅದನ್ನೇ ಮರೆತೆ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ನಸೀಮಾಳ ಮಾತನ್ನೂ ನಂಬಬೇಡಿ, ನನ್ನ ಮಾತನ್ನೂ ನಂಬಬೇಡಿ. ಸೀಟು ಹಿಡಿಯುವ ಮೊದಲು ಕಾಲೇಜಿನಲ್ಲೇ ಕೇಳಿ, "ಈ ಸೀಟಿಗೆ ಸ್ಕಾಲರ್‌ಶಿಪ್ ಬರುತ್ತಾ?" ಅಂತ. ಜಾತಿ, ಆದಾಯದ ಸರ್ಟಿಫಿಕೇಟನ್ನು ಫಲಿತಾಂಶಕ್ಕೆ ಕಾಯದೆ ಬೇಸಿಗೆಯಲ್ಲೇ ಮಾಡಿಸಿಟ್ಟುಕೊಳ್ಳಿ. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿ. ಹಣ ತಡವಾಗಿ ಬರುತ್ತದೆ, ಅದನ್ನು ನಂಬಿ ಮೊದಲ ವರ್ಷದ ಊಟ ಓಡಾಟದ ಲೆಕ್ಕ ಹಾಕಬೇಡಿ.

ಆ ಸಂಜೆ ಮುನಿರಾಜು ಎಲ್ಲವನ್ನೂ ಕೇಳಿಸಿಕೊಂಡ. ಬೈಯುತ್ತಾನೆಂದು ನಾನು ಕಾದೆ. ಅವನು ಬೈಯಲಿಲ್ಲ.

"ಮಾತು ಏನಾಗಿತ್ತಕ್ಕ? ಸ್ಕಾಲರ್‌ಶಿಪ್ ಇದ್ರೆ ಕಾಲೇಜು."

"ಉಳಿದ ಕಂತು ನಾನ್ ಕಟ್ತೀನಿ. ತಪ್ಪು ನನ್ನ ಕೈಲಾಗಿದೆ."

"ಬೇಡ. ಮೊದಲನೇ ವರ್ಷ ನೀವು ಕಟ್ತೀರ. ಎರಡನೇ ವರ್ಷ? ಮೂರನೇ ವರ್ಷ? ನಿಮ್ಗೂ ಮಕ್ಕಳಿದಾರೆ. ನನ್ನ ಮಗಳು ಓದೋವಾಗ ಪ್ರತಿಸಲ ನಿಮ್ಮ ಮುಖ ನೋಡ್ಬಾರ್ದು."

ನಿಜ ಹೇಳಬೇಕೆಂದರೆ ಮೂರು ವರ್ಷದ ಫೀಸು ನನಗೂ ಹಗುರವಾಗಿರಲಿಲ್ಲ. ಅವನು ಬೇಡ ಎಂದಾಗ ನಾನು ಎರಡನೇ ಸಲ ಒತ್ತಾಯಿಸಲಿಲ್ಲ. ರತ್ನ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಡುತ್ತಿದ್ದಳು. ಸುಜಾತ ಅಳಲಿಲ್ಲ, ಅಳುವುದಿಲ್ಲವೆಂದು ಅವಳೂ ಮಾತು ಕೊಟ್ಟಿದ್ದಳಲ್ಲ.

ಆಗಸ್ಟ್ ಬಂತು. ಹಬ್ಬ ಹತ್ತಿರವಾಗುತ್ತಿತ್ತು. ಒಂದು ಮಧ್ಯಾಹ್ನ ಸುಜಾತ ಒದ್ದೆ ಕೊಡೆಯನ್ನು ನನ್ನ ಅಂಗಡಿಯ ಬಾಗಿಲಿಗೆ ನೇತುಹಾಕಿ ಒಳಗೆ ಬಂದಳು.

"ದೊಡ್ಡಮ್ಮ, ಎಯ್ಡೆಡ್ ಸೀಟಿನ ಮೂರು ಜನ ಇಂಜಿನಿಯರಿಂಗಿಗೆ ಹೋದ್ರು. ಆ ಸೀಟುಗಳಿಗೆ ಕೊನೇ ಲಿಸ್ಟ್ ಹಾಕ್ತಾರಂತೆ. ನಾನೂ ಅರ್ಜಿ ಕೊಡಬಹುದು. ಆದ್ರೆ ಈಗಿರೋ ಸೀಟು ಬಿಟ್ಟೆ ಅಂತ ಮೊದಲು ಬರ್ದುಕೊಡ್ಬೇಕು. ಸೇರ್ಸುವಾಗ ಸಹಿ ಹಾಕಿದ್ದು ನೀವು, ಬಿಡುವಾಗ್ಲೂ ನೀವೇ ಹಾಕ್ಬೇಕಂತೆ."

"ಲಿಸ್ಟಲ್ಲಿ ಬರ್ದೇ ಇದ್ರೆ?"

"ಎರಡೂ ಇಲ್ಲ."

ಕೈಗೆ ಬಂದ ಮಾಲನ್ನು ಬಿಟ್ಟು ಬಾರದ ಮಾಲಿಗೆ ಕಾಯಬಾರದೆಂಬುದು ನಾನು ಜೀವನ ಪೂರ್ತಿ ಪಾಲಿಸಿಕೊಂಡು ಬಂದ ಬುದ್ಧಿ. ಅದನ್ನೇ ಹೇಳಿದೆ.

"ಕೈಯಲ್ಲಿ ಏನಿದೆ ದೊಡ್ಡಮ್ಮ?" ಎಂದಳು. "ಎರಡನೇ ಕಂತು ಕಟ್ಟೋಕಾಗಲ್ಲ. ಅಪ್ಪ ಷೋರೂಮಿಗೆ ಹೂಂ ಅಂದಾಯ್ತು. ನನ್ ಕೈಯಲ್ಲಿರೋ ಸೀಟು ಹಬ್ಬದ ತನಕ ಮಾತ್ರ. ಅದನ್ನ ಕಳ್ಕೊಳೋಕೆ ಭಯ ಯಾಕೆ?"

ನಾನು ಲೇಸಿನ ಸುರುಳಿ ಸುತ್ತುತ್ತಾ ಯೋಚಿಸಿದೆ. ಅವಳ ಲೆಕ್ಕದಲ್ಲಿ ಎಲ್ಲೂ ತಪ್ಪು ಸಿಗಲಿಲ್ಲ. "ನಾಳೆ ಬರ್ತೀನಿ," ಎಂದೆ.

"ಒಂದು ಷರತ್ತು. ಮಾತಾಡೋದು ನಾನು," ಎಂದಳು ಸುಜಾತ.

ಕೇಳುತ್ತಿದ್ದ ನಸೀಮಾ ತನ್ನ ಅಂಗಡಿಯಿಂದಲೇ ನಕ್ಕಳು. "ಅಷ್ಟೊತ್ತು ಬಾಯಿ ಮುಚ್ಚಿದ್ರೆ ಜಯಕ್ಕನ್ನ ಆಸ್ಪತ್ರೆಗೆ ಹಾಕ್ಬೇಕಾಗ್ತದೆ ಬೇಟಾ."

ಮರುದಿನ ಕುರ್ಚಿಯ ತುದಿಯಲ್ಲಿ ಕೂತೆ. ಸ್ಯಾಮ್ಯುಯೆಲ್ ಸಾರ್ ನನ್ನನ್ನು ಕಂಡು ಕನ್ನಡಕ ಸರಿಪಡಿಸಿಕೊಂಡರು, ಮತ್ತೊಂದು ಯುದ್ಧಕ್ಕೆ ಸಿದ್ಧವಾಗುವವರಂತೆ. ಸುಜಾತ ಮಾತಾಡಿದಳು. ಅವಳು ನಗಲಿಲ್ಲ, ಎದ್ದು ಹೋಗುವ ಆಟ ಆಡಲಿಲ್ಲ.

"ಸಾರ್, ನನಗೆ ಫೀಸ್ ಕಮ್ಮಿ ಮಾಡೋದು ಬೇಡ. ಖಾಲಿಯಾದ ಸೀಟಿಗೆ ನನ್ನ ಹೆಸರೂ ಇರ್ಲಿ. ನನ್ನ ಅಂಕ ನೋಡಿ, ಸರ್ಟಿಫಿಕೇಟ್ ನೋಡಿ. ಬರೋದಾದ್ರೆ ಬರ್ಲಿ. ಒಂದೇ ಕೇಳೋದು, ಆ ಸೀಟಿಗೆ ಸ್ಕಾಲರ್‌ಶಿಪ್ ಬರುತ್ತೆ ತಾನೇ?"

"ಬರುತ್ತಮ್ಮ, ಅರ್ಜಿ ಟೈಮಿಗೆ ಹಾಕ್ಬೇಕು."

"ಇನ್ನೂ ಎಷ್ಟು ಜನ ಕೇಳಿದಾರೆ ಸಾರ್?"

"ಮೂರು ಸೀಟಿಗೆ ಹತ್ತು ಹನ್ನೆರಡು ಜನ ಆಗ್ಬಹುದು. ಬರ್ದುಕೊಟ್ಟ ಮೇಲೆ ಹಳೇ ಸೀಟು ವಾಪಸ್ ಸಿಗಲ್ಲ. ಯೋಚ್ನೆ ಮಾಡಿದೀಯಾ?"

"ಮಾಡಿದೀನಿ."

ಅವಳು ಬರೆದಳು. ನಾನು ಸಹಿ ಹಾಕಿದೆ. ನನ್ನ ಬಾಯಿಂದ ಒಂದು ಅಕ್ಷರ ಬರಲಿಲ್ಲ. ಹೊರಬರುವಾಗ ಸ್ಯಾಮ್ಯುಯೆಲ್ ಸಾರ್, "ಹುಷಾರಿಲ್ವಾ ಅಮ್ಮ?" ಎಂದು ನಿಜವಾಗಿಯೂ ಕೇಳಿದರು.

ಪಟ್ಟಿ ಬರುವ ತನಕ ಅವಳಿಗೆ ಕ್ಲಾಸಿಗೆ ಹೋಗುವ ಹಕ್ಕಿರಲಿಲ್ಲ. ಮುನಿರಾಜು ಅವಳನ್ನು ಗೂಡ್ಸ್ ಆಟೋದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಕಮ್ಮನಹಳ್ಳಿಗೆ ಕರೆದೊಯ್ದ. ಷೋರೂಮಿನವರು ನೀಲಿ ಟೀ ಶರ್ಟು ಕೊಟ್ಟು ವಾಷಿಂಗ್ ಮೆಷೀನುಗಳ ಸಾಲಿನಲ್ಲಿ ನಿಲ್ಲಿಸಿದರು. ನಾನು ಒಂದು ಸಂಜೆ ಆ ದಾರಿಯಲ್ಲಿ ಹೋಗಬೇಕಾಗಿ ಬಂತು. ಗಾಜಿನ ಆಚೆ ಅವಳು ಒಬ್ಬ ಗಿರಾಕಿಗೆ ಏನನ್ನೋ ವಿವರಿಸುತ್ತಿದ್ದಳು. ಚೆನ್ನಾಗಿಯೇ ವಿವರಿಸುತ್ತಿದ್ದಳು, ಗಿರಾಕಿ ತಲೆದೂಗುತ್ತಿದ್ದ. ಅದನ್ನು ನೋಡಿ ನನಗೆ ಇನ್ನಷ್ಟು ಭಯವಾಯಿತು. ಕೆಲಸ ಬಾರದಿದ್ದರೆ ಬಿಡಿಸಿಕೊಳ್ಳಬಹುದು. ಬಂದುಬಿಟ್ಟರೆ ಬಿಡಿಸುವವರು ಯಾರು? ಟಾರ್ಪಾಲಿನ ಮೇಲೆ ಕೂತ ಮೊದಲ ವಾರವೇ ನನಗೂ ವ್ಯಾಪಾರ ಬಂದಿತ್ತು. ಆಮೇಲೆ ಯಾರೂ ನನ್ನನ್ನು ಶಾಲೆಯ ಬಗ್ಗೆ ಕೇಳಲಿಲ್ಲ.

ಶುಕ್ರವಾರ ಪಟ್ಟಿ ಹಾಕಿದರು. ಸುಜಾತ ಷೋರೂಮಿಗೆ ಅರ್ಧ ದಿನ ರಜೆ ಹೇಳಿ ಬಂದಿದ್ದಳು. ಬೋರ್ಡಿನ ಮುಂದೆ ಗುಂಪಿತ್ತು. ನನ್ನ ಕನ್ನಡಕ ಮಳೆಗೆ ಮಬ್ಬಾಗಿ ಏನೂ ಕಾಣಲಿಲ್ಲ. ಅವಳು ಗುಂಪಿನೊಳಗೆ ಹೋದಳು, ಬಂದಳು.

"ಇದೆ ದೊಡ್ಡಮ್ಮ. ಎರಡನೇ ಹೆಸರು."

ಆಫೀಸಿನಲ್ಲಿ ಸ್ಯಾಮ್ಯುಯೆಲ್ ಸಾರ್ ಅವಳ ಕೈ ಕುಲುಕಿದರು. ಎಯ್ಡೆಡ್ ಸೀಟಿನ ಫೀಸು ಹೇಳಿದರು. ನಮ್ಮ ಮೊದಲ ಕಂತಿನ ಅರ್ಧವೂ ಇರಲಿಲ್ಲ. "ಇದನ್ನ ಈಗ ಕಟ್ಬೇಕು, ಸ್ಕಾಲರ್‌ಶಿಪ್ ಆಮೇಲೆ ಬರುತ್ತೆ. ಮೊದಲು ಕಟ್ಟಿದ್ದು ಮಾತ್ರ ವಾಪಸ್ ಬರಲ್ಲ. ಸೀಟು ಬಿಟ್ಟೋರಿಗೆ ಕೊಡೋ ಪದ್ಧತಿ ಇಲ್ಲ."

ನಾನು ಸೆರಗಿನ ತುದಿ ಹಿಡಿದು ಕೂತೆ. ಮುನಿರಾಜು ಅಷ್ಟು ದಿನ ಫ್ರಿಜ್ಜು ಹೊತ್ತು ಕೂಡಿಸಿದ್ದ ಹಣ ಅದು. ನನ್ನ ನಾಲಿಗೆಯ ತುದಿಗೆ ಹತ್ತು ಮಾತು ಬಂದು ನಿಂತವು. ಷರತ್ತು ಷರತ್ತೇ.

ಸುಜಾತ ನನ್ನ ಕಡೆ ತಿರುಗಿದಳು. ಆಮೇಲೆ ಅವರಿಗೆ ಹೇಳಿದಳು, "ಅದನ್ನ ನಮ್ ದೊಡ್ಡಮ್ಮ ಮಾತಾಡ್ತಾರೆ ಸಾರ್."

ಸ್ಯಾಮ್ಯುಯೆಲ್ ಸಾರ್ ಕಣ್ಣು ಮುಚ್ಚಿಕೊಂಡರು. "ಅಯ್ಯೋ ಕಡವುಳೇ," ಎಂದು ತಮಿಳಿನಲ್ಲಿ ದೇವರನ್ನು ಕರೆದರು.

ಮಾತಾಡಿದೆ. ನಗಲಿಲ್ಲ, ಬಾಗಿಲವರೆಗೆ ಹೋಗಲೂ ಇಲ್ಲ. ನಾವು ಬಿಟ್ಟ ಸೀಟು ಇವತ್ತೇ ಬೇರೆಯವರಿಗೆ ಪೂರ್ತಿ ಬೆಲೆಗೆ ಹೋಗುತ್ತದೆ, ನಿಮಗೆ ನಷ್ಟ ಎಲ್ಲಿದೆ ಹೇಳಿ ಎಂದೆ. ಅವರು ಒಳಗೆ ಹೋಗಿ ಬಂದರು. ಹಳೆಯ ಕಂತಿನ ಅರ್ಧವನ್ನು ಹೊಸ ಫೀಸಿಗೆ ಜಮಾ ಮಾಡಿಕೊಳ್ಳುತ್ತೇವೆ ಎಂದರು. ಆ ವರ್ಷ ಇನ್ನು ಒಂದು ರೂಪಾಯಿಯನ್ನೂ ಕಟ್ಟಬೇಕಾಗಿರಲಿಲ್ಲ. ನಾನು ಕೈಮುಗಿದು ಎದ್ದೆ.

ಸುಜಾತ ಅಲ್ಲೇ ನಿಂತು ಅಪ್ಪನಿಗೆ ಫೋನ್ ಮಾಡಿದಳು. ಅವನು ಹೇಳಿದ್ದು ನನಗೂ ಕೇಳಿಸಿತು. "ಟೀ ಶರ್ಟ್ ಒಗ್ದು ಕೊಡು, ಸಂಜೆ ನಾನೇ ವಾಪಸ್ ಕೊಟ್ ಬರ್ತೀನಿ."

ಮೆಟ್ಟಿಲು ಇಳಿಯುವಾಗ ಅವಳು ಕೇಳಿದಳು, "ದೊಡ್ಡಮ್ಮ, ಪೂರ್ತಿ ಕೇಳಬಹುದಿತ್ತಲ್ವಾ? ಇನ್ನೊಂಚೂರು ಎಳೆದಿದ್ರೆ ಕೊಟ್ಬಿಡ್ತಿದ್ರು ಅನ್ಸುತ್ತೆ."

"ಕೊಡ್ತಿದ್ರು."

"ಮತ್ತೆ ಯಾಕೆ ಎದ್ದುಬಿಟ್ರಿ?"

"ಅವ್ರ ಹತ್ರಾನೂ ಏನಾದ್ರೂ ಉಳೀಬೇಕು ಕಣೆ," ಎಂದೆ. "ಇನ್ನು ಮೂರು ವರ್ಷ ಅವ್ರ ಮೇಜಿನ ಮುಂದೆ ನಿಲ್ಲೋಳು ನೀನು, ನಾನಲ್ಲ."